ಅಗಸೆ ಬೀಜವನ್ನು ಇಡಿಯಾಗಿ ತಿಂದರೆ ಸಾಕಾ, ಪುಡಿ ಮಾಡಬೇಕಾ?

ಪುಡಿ ಮಾಡಿಯೇ ತಿನ್ನಿ. ಅಗಸೆಯ ಸಿಪ್ಪೆ ನುಣುಪು, ಗಟ್ಟಿ. ಸರಿಯಾಗಿ ಅಗಿಯದೆ ನುಂಗಿದರೆ ಬೀಜ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಒಳಗಿರುವ ಒಮೆಗಾ-3 ಕೊಬ್ಬು ಮೈಗೆ ಅಷ್ಟಾಗಿ ಸೇರುವುದಿಲ್ಲ. ಮೀನು ತಿನ್ನದವರಿಗೆ ಈ ಕೊಬ್ಬು ಸಿಗುವ ದಾರಿಗಳೇ ಕಡಿಮೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇದರ ನಾರು ನೀರು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗೆ ಮಾಡುತ್ತದೆ, ಕೆಟ್ಟ ಕೊಲೆಸ್ಟ್ರಾಲನ್ನೂ ಸ್ವಲ್ಪ ಇಳಿಸುತ್ತದೆ. ನೀರು ಮಾತ್ರ ಜಾಸ್ತಿ ಕುಡಿಯಬೇಕು.

ಮಂಡ್ಯ, ಮೈಸೂರು ಕಡೆ ಹುಚ್ಚೆಳ್ಳು ಪುಡಿ ಮಾಡುತ್ತೇವಲ್ವಾ, ಹಾಗೇ ಅಗಸೆಯನ್ನೂ ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಪುಡಿ ಮಾಡಿ. ದಿನಕ್ಕೆ ಒಂದು ಚಮಚ ಸಾಕು. ಬೇಗ ಕಮಟು ಹಿಡಿಯುತ್ತದೆ. ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಶುರು ಮಾಡಿ.