ಸ್ಪೆಕ್ಟ್ರಮ್ ಅನಲೈಸರ್ ಒಂದೇ ರೇಡಿಯೊ ನಿಲಯಕ್ಕೆ ಎರಡು ಫ್ರೀಕ್ವೆನ್ಸಿ ತೋರಿಸುವುದು ಯಾಕೆ?

ನಿಮ್ಮ ಅನಲೈಸರ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲದ ಸಿಗ್ನಲ್ ಇದೆ ಅಂತ ಪರದೆಯಲ್ಲಿ ಗೆರೆಯಾಗಿ ತೋರಿಸುವ ಯಂತ್ರ, ಕೆಟ್ಟಿಲ್ಲ, ಆ ಹೆದರಿಕೆ ಬಿಡಿ. ಮಂಗಳೂರಿನ ಕಾಲೇಜು ಲ್ಯಾಬಿನಲ್ಲಿ 88ರಿಂದ 108 ಮೆಗಾಹರ್ಟ್ಸ್ ಇಟ್ಟು ಆಕಾಶವಾಣಿಯ 100.3 ನೋಡಿದಾಗ ಮಾರ್ಕರ್ (ಗೆರೆಯ ಮೇಲೆ ಇಟ್ಟು ಫ್ರೀಕ್ವೆನ್ಸಿ ಓದುವ ಗುರುತು) ಒಮ್ಮೆ 100.25, ಇನ್ನೊಮ್ಮೆ 100.35 ತೋರಿಸಿತು, ಸ್ವೀಪ್ ಪಾಯಿಂಟ್ (ಗೆರೆ ಎಳೆಯಲು ಯಂತ್ರ ಅಳೆಯುವ ಬಿಂದುಗಳು) 401 ಇತ್ತು ಅಂತ ಬರೆದಿದ್ದೀರಿ. ಉತ್ತರ ಆ ಅಂಕಿಗಳಲ್ಲೇ ಉಂಟು. 20 ಮೆಗಾಹರ್ಟ್ಸನ್ನು 400 ಪಾಲು ಮಾಡಿ, ಒಂದೊಂದು ಪಾಲಿಗೆ 50 ಕಿಲೋಹರ್ಟ್ಸ್ ಬರುತ್ತದೆ. ಮಾರ್ಕರ್ ಆ ಮೆಟ್ಟಿಲುಗಳ ಮೇಲೆ ಮಾತ್ರ ಕೂರಬಲ್ಲದು. 100.25, 100.30, 100.35, ಅಷ್ಟೇ. ನಡುವೆ ಅದಕ್ಕೆ ಜಾಗವೇ ಇಲ್ಲ.

ಜೊತೆಗೆ ಆರ್‌ಬಿಡಬ್ಲ್ಯೂ (ರೆಸಲ್ಯೂಷನ್ ಬ್ಯಾಂಡ್‌ವಿಡ್ತ್, ಯಂತ್ರ ಅಳೆಯಲು ಬಳಸುವ ಫಿಲ್ಟರಿನ ಅಗಲ) ಆಟೋದಲ್ಲಿ ಇದ್ದಿರಬೇಕು. ಅಗಲದ ಸ್ಪ್ಯಾನ್ (ಪರದೆಯಲ್ಲಿ ಒಮ್ಮೆಗೆ ಕಾಣುವ ಫ್ರೀಕ್ವೆನ್ಸಿಯ ವ್ಯಾಪ್ತಿ) ಇಟ್ಟಾಗ ಯಂತ್ರ ತನ್ನ ಫಿಲ್ಟರನ್ನೂ ಅಗಲ ಮಾಡಿಕೊಳ್ಳುತ್ತದೆ. ಆಗ ಪರದೆಯಲ್ಲಿ ಕಾಣುವ ಗುಡ್ಡದ ಆಕಾರ ಬಹುಪಾಲು ಆ ಫಿಲ್ಟರಿನದೇ. ಗುಡ್ಡದ ನೆತ್ತಿ ಚಪ್ಪಟೆ ಇರುವುದರಿಂದ ತುದಿ ಹುಡುಕುವ ಪೀಕ್ ಸರ್ಚ್ ಗುಂಡಿ ಒತ್ತಿದಾಗೆಲ್ಲ ಮಾರ್ಕರ್ ಬೇರೆ ಬೇರೆ ಕಡೆ ಹೋಗಿ ನಿಲ್ಲುತ್ತದೆ.

ಹಾಗಾಗಿ ಅಗಲದ ಸ್ಪ್ಯಾನ್ ಸಿಗ್ನಲ್ ಎಲ್ಲಿದೆ ಅಂತ ಹುಡುಕಲಿಕ್ಕೆ ಮಾತ್ರ. ಸಿಕ್ಕಿದ ಮೇಲೆ ಮಾರ್ಕರನ್ನು ತುದಿಗೆ ತಂದು, ಅದನ್ನೇ ಸೆಂಟರ್ ಮಾಡಿ ಸ್ಪ್ಯಾನ್ 1 ಮೆಗಾಹರ್ಟ್ಸ್‌ಗೆ ಇಳಿಸಿ. ಪುನಃ ತುದಿ, ಪುನಃ ಸೆಂಟರ್, ಸ್ಪ್ಯಾನ್ ಇನ್ನೂ ಸಣ್ಣದು. 100 ಕಿಲೋಹರ್ಟ್ಸ್ ಸ್ಪ್ಯಾನ್, 1 ಕಿಲೋಹರ್ಟ್ಸ್ ಆರ್‌ಬಿಡಬ್ಲ್ಯೂಗೆ ಬಂದರೆ ಅದೇ 401 ಪಾಯಿಂಟಿನಲ್ಲಿ ಮೆಟ್ಟಿಲು 250 ಹರ್ಟ್ಸ್ ಆಗುತ್ತದೆ. ಫ್ರೀಕ್ವೆನ್ಸಿಯನ್ನು ನೇರವಾಗಿ ಎಣಿಸುವ ಮಾರ್ಕರ್ ಕೌಂಟರ್ ಸೌಲಭ್ಯ ಇದ್ದರೆ ಈ ಹಂತದಲ್ಲಿ ಅದನ್ನು ಹಾಕಿ, ಆಗ ಮೆಟ್ಟಿಲಿನ ತೊಂದರೆಯೂ ಹೋಗುತ್ತದೆ.

ನೀವು ಆರಿಸಿಕೊಂಡದ್ದು ಎಫ್‌ಎಂ ನಿಲಯ, ಅದರಲ್ಲಿ ಇನ್ನೊಂದು ತೊಡಕು ಉಂಟು. ಹಾಡು ಬರುವಾಗ ಫ್ರೀಕ್ವೆನ್ಸಿ ನಿಜವಾಗಿಯೂ ಆಚೆಗೆ 75, ಈಚೆಗೆ 75 ಕಿಲೋಹರ್ಟ್ಸ್ ತನಕ ಓಡಾಡುತ್ತದೆ. ಸ್ಪ್ಯಾನ್ ಕಿರಿದು ಮಾಡಿದಷ್ಟೂ ಗೆರೆ ಕುಣಿಯುತ್ತದೆ. 500 ಕಿಲೋಹರ್ಟ್ಸ್ ಸ್ಪ್ಯಾನ್ ಇಟ್ಟು, ಮಾತಿನ ನಡುವೆ ಉದ್ಘೋಷಕರು ಉಸಿರು ತೆಗೆದುಕೊಳ್ಳುವ ಆ ಕ್ಷಣಕ್ಕೆ ಕಾದು ನೋಡಿ. ಕ್ಯಾರಿಯರ್ (ಧ್ವನಿಯನ್ನು ಹೊರುವ ಮೂಲ ಅಲೆ) ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸ್ಟೀರಿಯೊ ಪ್ರಸಾರವಾದರೆ ಅದರ ಎರಡೂ ಬದಿಗೆ 19 ಕಿಲೋಹರ್ಟ್ಸ್ ದೂರದಲ್ಲಿ ಎರಡು ಗಿಡ್ಡ ಮೊಳೆಗಳೂ ಕಾಣುತ್ತವೆ. ಈ ಕೆಲಸ ಮಾಡುತ್ತಾ ಇಷ್ಟು ವರ್ಷ ಆದರೂ ಆ ನೋಟ ಕಂಡಾಗ ನನಗೆ ಖುಷಿಯಾಗುತ್ತದೆ.

ನಾನು ಮಲ್ಪೆಯಲ್ಲಿ ಬೋಟುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡುವವ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟೆಲ್ಲ ದಡದಲ್ಲಿ, ಸೆಟ್ಟುಗಳೆಲ್ಲ ನನ್ನ ಮೇಜಿನ ಮೇಲೆ. ಒಂದು ಮಳೆಗಾಲದಲ್ಲಿ ಟ್ರಾಲ್ ಬೋಟಿನ ತಂಡೇಲರೊಬ್ಬರು (ಬೋಟು ನಡೆಸುವವರು) ಸೆಟ್ ತಂದರು. “ನಾನು ಮಾತಾಡಿದ್ರೆ ಎಲ್ಲರಿಗೂ ಗರಗರ ಕೇಳ್ತದಂತೆ ಮಾರಾಯ್ರೆ, ಆಂಟೆನಾ ಹೊಸದು ಹಾಕಿದ್ರೂ ಹಾಗೇ” ಅಂದರು. ಪವರ್ ಸರಿ ಇತ್ತು. ಚಾನೆಲ್ 72ಕ್ಕೆ ಹಾಕಿದೆ, ಅದರ ಜಾಗ 156.625 ಮೆಗಾಹರ್ಟ್ಸ್. ಅಗಲದ ಸ್ಪ್ಯಾನಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. 100 ಕಿಲೋಹರ್ಟ್ಸ್‌ಗೆ ಇಳಿಸಿ, ಮಾತಾಡದೆ ಮೈಕಿನ ಗುಂಡಿ ಮಾತ್ರ ಒತ್ತಿ ಹಿಡಿದಾಗ ಮೊಳೆ ನಿಂತದ್ದು 156.621ರಲ್ಲಿ. 4 ಕಿಲೋಹರ್ಟ್ಸ್ ಕೆಳಗೆ! ಈ ಬ್ಯಾಂಡಿನಲ್ಲಿ ಬೋಟಿನ ಸೆಟ್ಟಿಗೆ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು), ಅಂದರೆ ಸುಮಾರು ಒಂದೂವರೆ ಕಿಲೋಹರ್ಟ್ಸ್ ತನಕ ಮಾತ್ರ ಅವಕಾಶ. ಬಿಚ್ಚಿ ನೋಡಿದರೆ ಸೆಟ್ಟಿನ ಫ್ರೀಕ್ವೆನ್ಸಿಗೆ ಆಧಾರವಾದ ರೆಫರೆನ್ಸ್ ಆಸಿಲೇಟರಿನಲ್ಲಿ, ಅದನ್ನು ತಿರುಗಿಸಿ ಹೊಂದಿಸುವ ಟ್ರಿಮ್ಮರಿನ ಕಾಲಿಗೆ ಉಪ್ಪುಗಾಳಿಯ ಹಸಿರು ಕಿಲುಬು. ಟ್ರಿಮ್ಮರ್ ಬದಲಿಸಿ, ಸೆಟ್ ಅರ್ಧ ಗಂಟೆ ಬಿಸಿಯಾದ ಮೇಲೆ ತಿರುಗಿಸಿ ಸರಿಮಾಡಿದೆ. ನಡುಕಡಲಲ್ಲಿ ಎಂಜಿನ್ ನಿಂತರೆ ಅವರ ಕೈಯಲ್ಲಿರುವುದು ಆ ಒಂದು ಸೆಟ್. ಅದಕ್ಕೇ ಈ 4 ಕಿಲೋಹರ್ಟ್ಸ್ ನನಗೆ ಸಣ್ಣ ವಿಷಯವಲ್ಲ.

ಅನಲೈಸರನ್ನೂ ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ. ಅದರ ಒಳಗಿನ ರೆಫರೆನ್ಸ್ 1 ಪಿಪಿಎಂ ತಪ್ಪಿದ್ದರೆ 156 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಓದು 156 ಹರ್ಟ್ಸ್ ತಪ್ಪುತ್ತದೆ, ಸ್ಪ್ಯಾನ್ ಎಷ್ಟೇ ಕಿರಿದು ಮಾಡಿದರೂ. ಲ್ಯಾಬಿನಲ್ಲಿ ಜಿಪಿಎಸ್‌ಗೆ ಹೊಂದಿಸಿದ 10 ಮೆಗಾಹರ್ಟ್ಸ್ ಮೂಲ ಇದ್ದರೆ ಹಿಂಬದಿಯ ರೆಫರೆನ್ಸ್ ಇನ್‌ಪುಟ್‌ಗೆ ಕೊಡಿ.

ಕೊನೆಗೆ, ವಾಕಿಟಾಕಿ ಅಥವಾ ಬೋಟಿನ ಸೆಟ್ಟನ್ನು ಯಾವತ್ತೂ ನೇರವಾಗಿ ಅನಲೈಸರಿಗೆ ಚುಚ್ಚಬೇಡಿ. ಹೆಚ್ಚಿನ ಅನಲೈಸರುಗಳ ಇನ್‌ಪುಟ್ ಪಕ್ಕ ಅದು ತಾಳುವ ಮಿತಿ +30 ಡಿಬಿಎಂ (ಪವರ್ ಅಳೆಯುವ ಮಾನ) ಅಂತ ಬರೆದಿರುತ್ತದೆ, ಅಂದರೆ 1 ವ್ಯಾಟ್. ಕೈಯಲ್ಲಿ ಹಿಡಿಯುವ ಅಗ್ಗದವು ಅಷ್ಟನ್ನೂ ತಾಳುವುದಿಲ್ಲ. ಬೋಟಿನ ಸೆಟ್ ಕೊಡುವುದು 25 ವ್ಯಾಟ್, 44 ಡಿಬಿಎಂ. ನಾನು ಕೆಲಸ ಕಲಿಯುವ ಕಾಲದಲ್ಲಿ 1 ವ್ಯಾಟ್ ಸ್ವಿಚ್ಚಿನಲ್ಲಿದೆ ಅಂತ ನಂಬಿ ಜೋಡಿಸಿ, ಗುರುಗಳ ಅನಲೈಸರಿನ ಮುಂಭಾಗ ಸುಟ್ಟೆ. ಗುಂಡಿ ಒತ್ತಿದ ಕೂಡಲೇ ಗೆರೆ ಕೆಳಗೆ ಬಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ 50 ವ್ಯಾಟ್ ತಾಳುವ 40 ಡಿಬಿ ಅಟೆನ್ಯೂಯೇಟರ್ (ಸಿಗ್ನಲಿನ ಬಲ ತಗ್ಗಿಸುವ ಸಾಧನ) ಇಲ್ಲದೆ ಸೆಟ್ಟಿಗೆ ಕೈಹಾಕುವುದಿಲ್ಲ. 44ರಲ್ಲಿ 40 ಹೋದರೆ ಉಳಿಯುವುದು 4 ಡಿಬಿಎಂ.

ಆಕಾಶವಾಣಿ ನೋಡಲಿಕ್ಕೆ ಇದ್ಯಾವುದೂ ಬೇಡ. 75 ಸೆಂಟಿಮೀಟರ್ ತಂತಿಯೊಂದನ್ನು ಇನ್‌ಪುಟ್‌ನ ನಡು ಪಿನ್ನಿಗೆ ಸಿಕ್ಕಿಸಿ ಕಿಟಕಿ ಹತ್ತಿರ ಇಟ್ಟರೆ ಸಾಕು. ಲ್ಯಾಬ್ ನಿಲಯ ಇರುವ ಕದ್ರಿ ಗುಡ್ಡದ ಹತ್ತಿರ ಇದ್ದರೆ ಸಿಗ್ನಲ್ ಬಲವಾಗಿರುತ್ತದೆ, ಒಳಗಿನ ಅಟೆನ್ಯೂಯೇಶನ್ 20 ಡಿಬಿಗೆ ಏರಿಸಿಕೊಳ್ಳಿ.