ಬೆಟ್ಟ ಇಳಿಯುವಾಗ ಮಂಡಿಯ ಹೊರಮಗ್ಗುಲು ಚುಚ್ಚುತ್ತದೆ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟು ಎರಡು ತಿಂಗಳಿಂದ ಓಡುತ್ತಿದ್ದೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ನಂದಿ ದಾಟುವಷ್ಟರಲ್ಲಿ ಬಲಮಂಡಿಯ ಹೊರಮಗ್ಗುಲಲ್ಲಿ ಚುಚ್ಚು ನೋವು. ಊತವಿಲ್ಲ, ಎಕ್ಸ್‌ರೇ ಸರಿಯಿದೆ. ಮಂಡಿ ಸವೆದಿದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. ಎಂಆರ್‌ಐ ಮಾಡಿಸಲೇ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. ಆ ದುಡ್ಡು ಇಟ್ಟುಕೊಳ್ಳಿ. ನೀವು ಹೇಳಿದ್ದನ್ನು ಓದಿದರೆ ನನ್ನ ಮೊದಲ ಅನುಮಾನ ಐಟಿ ಬ್ಯಾಂಡ್ ಮೇಲೆ. ಸೊಂಟದಿಂದ ತೊಡೆಯ ಹೊರಮೈಯುದ್ದಕ್ಕೂ ಇಳಿದು, ಮಂಡಿ ದಾಟಿ, ಕೆಳಗಿನ ಮೂಳೆಗೆ ಅಂಟಿಕೊಳ್ಳುವ ಗಟ್ಟಿ ಪಟ್ಟಿ ಅದು. ಮಂಡಿ ಸುಮಾರು 30 ಡಿಗ್ರಿ ಮಡಿಸಿದಾಗ ಈ ಪಟ್ಟಿ ತೊಡೆಮೂಳೆಯ ಹೊರ ಉಬ್ಬಿನ ಮೇಲೆ ಬಿಗಿಯಾಗಿ ಅಡಿಯ ಕೊಬ್ಬಿನ ಪದರವನ್ನು ಒತ್ತುತ್ತದೆ. ಇಳಿಯುವಾಗ ಮೈಭಾರವೆಲ್ಲ ಹೆಚ್ಚುಕಡಿಮೆ ಅದೇ ಕೋನದಲ್ಲಿ ಬೀಳುವುದರಿಂದ ಅಲ್ಲೇ ನೋವು.

ನೋವು ಮಂಡಿಯಲ್ಲಿದ್ದರೂ ಕೆಲಸ ಕೊಡಬೇಕಾದ್ದು ಪೃಷ್ಠದ ಪಕ್ಕದ ಸ್ನಾಯುವಿಗೆ. ಕನ್ನಡಿಯ ಮುಂದೆ ಬಲಗಾಲಲ್ಲೇ ನಿಂತು ಮಂಡಿ ತುಸು ಬಗ್ಗಿಸಿ. ಎಡಸೊಂಟ ಕೆಳಗೆ ಜಾರಿ, ಬಲಮಂಡಿ ಒಳಗೆ ವಾಲಿದರೆ ಆ ಸ್ನಾಯು ಸೋತಿದೆ ಎಂದೇ ತಿಳಿಯಿರಿ.

ಗೋಡೆಗೆ ಬೆನ್ನು ತಾಗಿಸಿ ಎಡಮಗ್ಗುಲಾಗಿ ಮಲಗಿ. ಬಲ ಹಿಮ್ಮಡಿ ಗೋಡೆಗೆ ಉಜ್ಜುತ್ತಲೇ ಕಾಲು ಮೇಲೇರಬೇಕು, ನಿಧಾನವಾಗಿ ಇಳಿಯಬೇಕು. 15 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ತೊಡೆಯ ಮುಂಭಾಗ ಸುಸ್ತಾದರೆ ಹಿಮ್ಮಡಿ ಗೋಡೆ ಬಿಟ್ಟಿದೆ ಎಂದರ್ಥ. ಸುಸ್ತು ಪೃಷ್ಠದಲ್ಲಿ ಕಾಣಬೇಕು. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ: ಕಾಲು ಎತ್ತರಕ್ಕೆ ಹೋದರೆ ಸಾಕೆಂದು ಮುಂದಕ್ಕೆ ತಂದುಬಿಡುತ್ತಾರೆ.

ಎರಡು ವಾರ ಓಟ ನಿಲ್ಲಿಸಿ. ನೋವಿಲ್ಲದಿದ್ದರೆ ಬೆಟ್ಟ ಹತ್ತಿ, ಇಳಿಯುವುದಕ್ಕೆ ಸಿಟಿ ಬಸ್ಸಿದೆ. ನೋವಿದ್ದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಿ. ಜಿಮ್ಮಿನವರು ಫೋಮ್ ರೋಲರ್ (ಮೈಕೆಳಗೆ ಉರುಳಿಸುವ ಗಟ್ಟಿ ಉರುಳೆ) ಕೊಟ್ಟು ಪಟ್ಟಿಯನ್ನು ಹಿಗ್ಗಿಸಿ ಎನ್ನುತ್ತಾರೆ. ಅದು ಹಾಗೆಲ್ಲ ಹಿಗ್ಗುವ ವಸ್ತುವಲ್ಲ. ನೋಯುವ ಜಾಗಕ್ಕಂತೂ ರೋಲರ್ ಹಾಕಲೇಬೇಡಿ. ಮಾತ್ರೆ ನುಂಗಿ ಓಡುವುದೂ ಬೇಡ.

ಮತ್ತೆ ಶುರುಮಾಡುವಾಗ ಸಮತಟ್ಟು ನೆಲದಲ್ಲಿ, ದಿನ ಬಿಟ್ಟು ದಿನ, ಸ್ವಲ್ಪ ಓಟ ಸ್ವಲ್ಪ ನಡಿಗೆ. ತೀರಾ ನಿಧಾನದ ಓಟ ಈ ನೋವನ್ನು ಹೆಚ್ಚಿಸುವುದುಂಟು, ಆದ್ದರಿಂದ ಕಡಿಮೆ ದೂರವನ್ನು ಚುರುಕಾಗಿ ಓಡಿ. ರಸ್ತೆಯಂಚಿನ ಇಳಿಜಾರಿನಲ್ಲಿ ಸದಾ ಒಂದೇ ಬದಿಗೆ ಓಡಬೇಡಿ. ಹೆಚ್ಚಿನವರಿಗೆ 6–8 ವಾರದಲ್ಲಿ ಗುಣ ಕಾಣುತ್ತದೆ.

ಮಂಡಿ ಊದಿದರೆ, ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ತಿರುಚಿದ ಮೇಲೆ ನೋವು ಬಂದಿದ್ದರೆ ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆ, ಹರಿದಿರಬಹುದು. ಪಾದದ ಮೇಲ್ಭಾಗ ಜೋಮು ಹಿಡಿದರೆ, ಹೆಜ್ಜೆ ಎಳೆಯುವಂತಾದರೆ ನರದ ತೊಂದರೆ. ಆಗ ತಡಮಾಡದೆ ಮೂಳೆತಜ್ಞರನ್ನು ಕಾಣಿ, ಎಂಆರ್‌ಐ ಬೇಕೇ ಎಂದು ಅವರೇ ಹೇಳುತ್ತಾರೆ.

ಓಟ ಯಾವ ದಿನ ಎಂದು ನೀವು ಬರೆದಿಲ್ಲ. ಒಂದು ತಿಂಗಳಿಗಿಂತ ಹತ್ತಿರವಿದ್ದರೆ ಈ ವರ್ಷ ಬಿಡಿ.