ಸೂಪರ್‌ಬೈಕ್ ರೇಸಲ್ಲಿ ನಿಯಮ ಬದಲಾಯಿಸಿದರೆ ಪೈಪೋಟಿ ನಿಜವಾಗಿ ಹೆಚ್ಚುತ್ತದಾ?

ಹೆಚ್ಚುತ್ತದೆ, ಆದರೆ ಅಂದುಕೊಂಡಷ್ಟಲ್ಲ. 2019ರ ವಿಶ್ವ ಸೂಪರ್‌ಬೈಕ್ ಸೀಸನ್ ನೋಡಿ. ಡುಕಾಟಿ ಹೊಸ ಪಾನಿಗಾಲೆ ವಿ4 ಆರ್ ಬೈಕ್ ತಂದಿತು, ಅದರ ಸವಾರ ಅಲ್ವಾರೊ ಬೌಟಿಸ್ಟಾ ಮೊದಲ ಮೂರು ಸುತ್ತಿನ ಒಂಬತ್ತು ರೇಸನ್ನೂ ಗೆದ್ದರು. ಆಗ ಸಂಘಟಕರು ಆ ಬೈಕಿನ ಎಂಜಿನ್ ವೇಗದ ಮಿತಿಯನ್ನು 250 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇಳಿಸಿದರು. 16,350 ಇದ್ದದ್ದು 16,100 ಆಯ್ತು. ಏನಾಯ್ತು ಗೊತ್ತಾ? ಮುಂದಿನ ಸುತ್ತು ನಡೆದ ನೆದರ್‌ಲ್ಯಾಂಡ್ಸ್‌ನ ಆಸೆನ್‌ನಲ್ಲೂ ಎರಡು ರೇಸ್ ಬೌಟಿಸ್ಟಾ ಅವರೇ ಗೆದ್ದರು.

ಕೊನೆಗೆ ಚಾಂಪಿಯನ್ ಆದದ್ದು ಕವಾಸಾಕಿಯ ಜೊನಾಥನ್ ರೇ. ಅದಕ್ಕೆ ಆ 250 ಆರ್‌ಪಿಎಂ ಕಾರಣ ಅಂತ ನನಗೆ ಅನಿಸುವುದಿಲ್ಲ, ಯಾಕೆಂದರೆ ಸೀಸನ್ ಮಧ್ಯದಲ್ಲಿ ಬೌಟಿಸ್ಟಾ ಮತ್ತೆ ಮತ್ತೆ ಬಿದ್ದು ಪಾಯಿಂಟ್ ಕಳೆದುಕೊಂಡರು, ರೇ ಮಾತ್ರ ಗೆಲ್ಲಲಾಗದ ದಿನವೂ ಹೆಚ್ಚಾಗಿ ಮುಂದಿನ ಸಾಲಿನ ಜಾಗ ಹಿಡಿದು ಪಾಯಿಂಟ್ ಕೂಡಿಸುತ್ತಲೇ ಹೋದರು.

ಆರ್‌ಪಿಎಂ ಕಡಿತ ಮುಖ್ಯವಾಗಿ ತಾಕುವುದು ಉದ್ದದ ನೇರ ದಾರಿಯಲ್ಲಿ. ಬ್ರೇಕ್ ಹಾಕುವಾಗ, ತಿರುವಿನಿಂದ ಹೊರಬರುವಾಗ ಬೈಕಿನ ಚಾಸಿಸ್ (ಚೌಕಟ್ಟು), ಸವಾರ ಟೈರ್ ಉಳಿಸಿಕೊಳ್ಳುವ ಜಾಣ್ಮೆ ಹಾಗೇ ಇರುತ್ತವೆ.

2024ರಲ್ಲಿ ಸವಾರ ಮತ್ತು ಬೈಕಿನ ಒಟ್ಟು ತೂಕಕ್ಕೂ ಕನಿಷ್ಠ ಮಿತಿ ಬಂತು. ಹಗುರ ಸವಾರರು ಬೈಕಿಗೆ ಹೆಚ್ಚುವರಿ ತೂಕ ಕಟ್ಟಬೇಕಾಯ್ತು. ಬೌಟಿಸ್ಟಾಗೆ ಇದರ ಬಿಸಿ ಜಾಸ್ತಿಯೇ ತಟ್ಟಿತು, ಆದರೆ ಅದೇ ವರ್ಷ ಟರ್ಕಿಯ ಸವಾರ ಟೋಪ್ರಾಕ್ ಬಿಎಂಡಬ್ಲ್ಯೂಗೆ ಹೋಗಿ ಚಾಂಪಿಯನ್ ಆದರಲ್ಲ, ಅದು ಬರೀ ತೂಕದ ನಿಯಮದಿಂದ ಆಗುವ ಕೆಲಸವಲ್ಲ. ಅವರ ಬ್ರೇಕಿಂಗ್ ನೋಡಿದವರಿಗೆ ಇದು ಗೊತ್ತು.